ಹಳೆಯ ಬೆಂಜ್ ಆಟೋಮ್ಯಾಟಿಕ್‌ನಲ್ಲಿ ಲಾಕಪ್ ಅದುರಾಟ: ಗೇರ್‌ಬಾಕ್ಸ್ ಇಳಿಸುವ ಮೊದಲು

ವೇಗ 60ರಿಂದ 80 ಕಿ.ಮೀ., ರಸ್ತೆ ಸಮತಟ್ಟು, ಆಕ್ಸಿಲರೇಟರ್ ಮೇಲೆ ಕಾಲು ಇಟ್ಟೂ ಇಡದ ಹಾಗೆ. ಆಗ ರಂಬಲ್ ಸ್ಟ್ರಿಪ್ ಮೇಲೆ ಹೋದಂತೆ ಒಂದೆರಡು ಸೆಕೆಂಡು ಗಡಗಡ ಅದುರುತ್ತದೆ. ಕಾಲು ಎತ್ತಿದರೆ ಇಲ್ಲ, ಜೋರಾಗಿ ಒತ್ತಿದರೂ ಇಲ್ಲ. ಹಳೆಯ ಆಟೋಮ್ಯಾಟಿಕ್ ಬೆಂಜ್ ಇಟ್ಟುಕೊಂಡವರಿಗೆ ಈ ಕಾಟ ಹೊಸದಲ್ಲ. ಗ್ಯಾರೇಜಿನಲ್ಲಿ ಸಿಗುವ ಉತ್ತರವೂ ಹೊಸದಲ್ಲ: "ಕನ್ವರ್ಟರ್ ಹೋಗಿದೆ ಸಾರ್, ಗೇರ್‌ಬಾಕ್ಸ್ ಇಳಿಸ್ಬೇಕು." ಹೋಗಿರಲೂಬಹುದು. ಆದರೆ ಯಾಕೆ ಹೋಯಿತು ಎಂದು ನೋಡದೆ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಹೋಗದೇ ಇರುವ ಕನ್ವರ್ಟರನ್ನು ಬದಲಿಸಿ ಕೈ ಸುಟ್ಟುಕೊಳ್ಳುವವರೂ ಕಡಿಮೆಯಿಲ್ಲ.

ಇಲ್ಲಿ ಹೇಳುತ್ತಿರುವುದು 722.6 ಎಂಬ ಐದು ಗೇರಿನ ಡಬ್ಬದ ಬಗ್ಗೆ. ಮರ್ಸಿಡಿಸ್ ಇದನ್ನು ತಂದದ್ದು 1996ರಲ್ಲಿ. ಪುಣೆಯಲ್ಲಿ ಜೋಡಿಸಿದ ಡಬ್ಲ್ಯು210 ಇ-ಕ್ಲಾಸ್, ಅದರ ನಂತರದ ಡಬ್ಲ್ಯು203 ಸಿ-ಕ್ಲಾಸ್‌ನ ಹೆಚ್ಚಿನ ಆಟೋಮ್ಯಾಟಿಕ್‌ಗಳಲ್ಲಿ ಇದೇ ಇದೆ. ಮಹೀಂದ್ರಾ ಮಾರುತ್ತಿದ್ದ ರೆಕ್ಸ್‌ಟನ್ ಆರ್‌ಎಕ್ಸ್7ಗೂ ಮರ್ಸಿಡಿಸ್‌ನ ಐದು ಗೇರಿನ ಡಬ್ಬವೇ ಬಂದಿತ್ತು. ಅಮೆರಿಕದಲ್ಲಿರುವವರಿಗೆ ಇದು ಎನ್‌ಎಜಿ1 ಎಂಬ ಹೆಸರಿನಲ್ಲಿ ಕ್ರೈಸ್ಲರ್ 300ನಲ್ಲೂ ಸಿಗುತ್ತಿತ್ತು. ಅಲ್ಲಿ ಕಂಪನಿ ಹೇಳುವ ಎಣ್ಣೆ ಎಟಿಎಫ್+4, ಮರ್ಸಿಡಿಸ್ ಹೇಳುವುದು ಬೇರೆ. ಆದ್ದರಿಂದ ಕೆಳಗಿನ ಎಣ್ಣೆಯ ಮಾತು ಬೆಂಜ್ ಕಾರಿಗೆ ಮಾತ್ರ ಅನ್ವಯ.

ಕನ್ವರ್ಟರ್, ಅಂದರೆ ಟಾರ್ಕ್ ಕನ್ವರ್ಟರ್, ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಎಣ್ಣೆಯ ಮೂಲಕ ಶಕ್ತಿ ದಾಟಿಸುತ್ತದೆ. ಹಾಗೆ ದಾಟಿಸುವಾಗ ಸ್ವಲ್ಪ ಜಾರಿಕೆ ಇದ್ದೇ ಇರುತ್ತದೆ. ಆ ಜಾರಿಕೆಯೇ ಶಾಖ, ಶಾಖವೇ ಪೆಟ್ರೋಲ್ ನಷ್ಟ. ಅದನ್ನು ತಪ್ಪಿಸಲು ಕನ್ವರ್ಟರ್ ಒಳಗೇ ಒಂದು ಕ್ಲಚ್ ಇಟ್ಟಿದ್ದಾರೆ. ಅದು ಕೂತಾಗ ಎಂಜಿನ್‌ಗೂ ಗೇರ್‌ಬಾಕ್ಸಿಗೂ ನೇರ ಹಿಡಿತ, ಇದಕ್ಕೇ ಲಾಕಪ್ ಎನ್ನುವುದು. ಇನ್ನೂ ಹಳೆಯ ಡಬ್ಬಗಳಲ್ಲಿ ಈ ಕ್ಲಚ್ ಒಂದೋ ಬಿಟ್ಟಿರುತ್ತದೆ, ಇಲ್ಲವೇ ಪೂರ್ತಿ ಹಿಡಿದಿರುತ್ತದೆ. 722.6ರಲ್ಲಿ ನಡುವಿನ ಸ್ಥಿತಿಯೂ ಉಂಟು: 3, 4, 5ನೇ ಗೇರುಗಳಲ್ಲಿ ಬೇಕೆಂದೇ ಹತ್ತಾರು ಆರ್‌ಪಿಎಂ ಜಾರಲು ಬಿಟ್ಟು ಹಿಡಿಯುತ್ತದೆ. ಎಂಜಿನ್ನಿನ ಕಂಪನ ಕಾರಿನೊಳಗೆ ಬರದಿರಲಿ ಎಂದು ಈ ಏರ್ಪಾಟು. ಕ್ಲಚ್ಚಿನ ಕಾಗದದಂಥ ಲೈನಿಂಗ್ ಗಂಟೆಗಟ್ಟಲೆ ಎಣ್ಣೆಯಲ್ಲಿ ಉಜ್ಜಿಕೊಳ್ಳುತ್ತಲೇ ಇರಬೇಕು. ಎಣ್ಣೆಯ ಗುಣ ಸ್ವಲ್ಪ ಕೆಟ್ಟರೂ ಸಲೀಸಾಗಿ ಜಾರುವ ಬದಲು ಹಿಡಿ-ಬಿಡು, ಹಿಡಿ-ಬಿಡು ಶುರುವಾಗುತ್ತದೆ. ಗಡಗಡ ಅಂದರೆ ಅದೇ.

ಮೊದಲ ಕೆಲಸ, ತಪ್ಪು ಗೇರ್‌ಬಾಕ್ಸಿನದೇ ಎಂದು ಖಾತ್ರಿ ಮಾಡಿಕೊಳ್ಳುವುದು. ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೆದರೂ ಹೆಚ್ಚುಕಡಿಮೆ ಇದೇ ಅನುಭವ. ಅದರಲ್ಲೂ ಲಾಕಪ್ ಕೂತಿರುವಾಗ ಸಣ್ಣ ಮಿಸ್ಸಿಂಗ್ ಕೂಡ ನೇರವಾಗಿ ಸೀಟಿಗೆ ಬಡಿಯುತ್ತದೆ. ಬೇರೆ ಮಾಡಿ ನೋಡಲು ಸುಲಭದ ದಾರಿ ಇದೆ. 1 ಮತ್ತು 2ನೇ ಗೇರಿನಲ್ಲಿ ಲಾಕಪ್ ಇಲ್ಲ. ಲಿವರನ್ನು 2ಕ್ಕೆ ಹಾಕಿ (ಟಿಪ್ ಲಿವರ್ ಇದ್ದರೆ ಎಡಕ್ಕೆ ತಟ್ಟುತ್ತ 2ಕ್ಕೆ ಇಳಿಸಿ), ಅದುರುತ್ತಿದ್ದ ಅದೇ ಆರ್‌ಪಿಎಂನಲ್ಲಿ ಸಣ್ಣ ಏರು ಹತ್ತಿಸಿ. ಅದುರಾಟ ಇದ್ದರೆ ಪ್ಲಗ್, ಕಾಯಿಲ್, ಇಂಜೆಕ್ಟರ್ ಕಡೆ ಹೋಗಿ. ಇಲ್ಲದಿದ್ದರೆ ಗೇರ್‌ಬಾಕ್ಸ್ ಕಡೆ ಬನ್ನಿ. ವೇಗ ಹೆಚ್ಚಿದಂತೆ ಹೆಚ್ಚುತ್ತ, ಎಳೆತ ಎಷ್ಟೇ ಇರಲಿ ಒಂದೇ ಸಮ ಇರುವ ಕಂಪನ ಪ್ರೊಪೆಲ್ಲರ್ ಶಾಫ್ಟಿನ ರಬ್ಬರ್ ಕಪ್ಲಿಂಗ್, ಸೆಂಟರ್ ಬೇರಿಂಗ್ ಅಥವಾ ಟೈರ್ ಬ್ಯಾಲೆನ್ಸಿಂಗ್‌ನದು. ಅದಕ್ಕೂ ಲಾಕಪ್‌ಗೂ ಸಂಬಂಧವಿಲ್ಲ.

ಇನ್ನೊಂದು ಬಗೆಯ ದೂರು ಇದೆ. ಅದುರಾಟವೇ ಇಲ್ಲ, ಆದರೆ ಹೈವೇಯಲ್ಲಿ ಮೈಲೇಜ್ ಬಿದ್ದಿದೆ, ಎಂಜಿನ್ ಸದ್ದು ಹೆಚ್ಚು. ಲಾಕಪ್ ಕೂರುತ್ತಲೇ ಇಲ್ಲ ಎಂಬ ಅನುಮಾನ. ಇದಕ್ಕೆ ಕಾಗದ-ಪೆನ್ನು ಸಾಕು. 215/55 ಆರ್16 ಟೈರಿನ ಸುತ್ತಳತೆ ಸುಮಾರು 2.02 ಮೀಟರ್. 100 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ 825 ಸುತ್ತು. ಡಿಫರೆನ್ಷಿಯಲ್ ಅನುಪಾತ 3.07 ಇದ್ದರೆ, ಅದರಿಂದ ಗುಣಿಸಿ 2,533. 5ನೇ ಗೇರಿನ ಅನುಪಾತ 0.83ರಿಂದ ಗುಣಿಸಿದರೆ 2,100. ಭಾರಕ್ಕೆ ಟೈರ್ ತುಸು ಕುಗ್ಗುವುದರಿಂದ 2,150 ಅಂದುಕೊಳ್ಳಿ. ಕಾರಿನ ಸ್ಪೀಡೋಮೀಟರ್ ನಂಬಬೇಡಿ, ಅದು ಯಾವಾಗಲೂ ಹೆಚ್ಚು ತೋರಿಸುತ್ತದೆ. ಫೋನಿನ ಜಿಪಿಎಸ್ ವೇಗ ನೋಡಿ. ತುಮಕೂರು ರಸ್ತೆಯಂಥ ಕಡೆ ಸಮ ವೇಗದಲ್ಲಿ ಹೋಗುತ್ತ ಟ್ಯಾಕೋಮೀಟರ್ 2,150ರ ಹತ್ತಿರ ನಿಂತರೆ ಲಾಕಪ್ ಕೂತಿದೆ. 2,350ರ ಮೇಲೆ ನಿಂತು, ಕಾಲು ಸ್ವಲ್ಪ ಒತ್ತಿದ ಕೂಡಲೇ ವೇಗ ಏರದೆ ಸೂಜಿ ಮಾತ್ರ ಮೇಲೆ ಹೋದರೆ ಕೂತಿಲ್ಲ. ನಿಮ್ಮ ಕಾರಿನ ಡಿಫರೆನ್ಷಿಯಲ್ ಅನುಪಾತ ಬೇರೆ ಇರಬಹುದು, ಅದನ್ನು ಹುಡುಕಿ ಲೆಕ್ಕ ಹಾಕಿ. ಎಂಜಿನ್ ಬಿಸಿಯಾಗದೆ ಈ ಪರೀಕ್ಷೆ ಮಾಡಬೇಡಿ, ತಣ್ಣಗಿದ್ದಾಗ ಲಾಕಪ್ ತಡವಾಗಿ ಕೂರುವುದು ಸಹಜ.

ಮೂರನೆಯದು ಇದರ ತಿರುಗುಮುರುಗು: ಸಿಗ್ನಲ್‌ನಲ್ಲಿ ನಿಲ್ಲುವಾಗ ಕ್ಲಚ್ ಒತ್ತದೆ ಬ್ರೇಕ್ ಹಾಕಿದ ಮ್ಯಾನ್ಯುಯಲ್ ಕಾರಿನ ಹಾಗೆ ಎಂಜಿನ್ ಕೊಸರಾಡಿ ಬಂದ್ ಆಗುತ್ತದೆ. ಲಾಕಪ್ ಬಿಡುತ್ತಿಲ್ಲ. ಲಾಕಪ್ ವಾಲ್ವ್ ಕಸ ಸಿಕ್ಕಿ ನಿಂತಿರುವುದು ಇದರ ಮುಖ್ಯ ಕಾರಣ. ಇದನ್ನು ಹಾಗೇ ಓಡಿಸುತ್ತ ಇರಬೇಡಿ.

ಸ್ಕ್ಯಾನರ್ ವಿಷಯಕ್ಕೆ ಬಂದರೆ, ಡಬ್ಲ್ಯು210ರಲ್ಲಿ ಗೇರ್‌ಬಾಕ್ಸ್ ಮಾಹಿತಿಗೆ ಬಾನೆಟ್ ಕೆಳಗಿನ 38 ಪಿನ್ನಿನ ದುಂಡು ಸಾಕೆಟ್ ಬೇಕು. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಓಬಿಡಿ ಡಾಂಗಲ್ ಇಲ್ಲಿ ಕೆಲಸಕ್ಕೆ ಬಾರದು. ಸ್ಟಾರ್ ಡಯಾಗ್ನೋಸಿಸ್ (ಮರ್ಸಿಡಿಸ್‌ನದೇ ಸ್ಕ್ಯಾನರ್) ಅಥವಾ ಮರ್ಸಿಡಿಸ್‌ನ ಗೇರ್‌ಬಾಕ್ಸ್ ಕಂಟ್ರೋಲ್ ಯೂನಿಟ್ ಜೊತೆ ಮಾತಾಡುವ ಸ್ಕ್ಯಾನರ್ ಇರುವ ಗ್ಯಾರೇಜ್ ಹುಡುಕಿ. ದೋಷದ ಕೋಡ್ ತೆಗೆದು, "ಪಿ0741 ಬಂದಿದೆ, ಕನ್ವರ್ಟರ್ ಹೋಗಿದೆ" ಎಂದು ತೀರ್ಪು ಕೊಡುವವರಿಂದ ದೂರ ಇರಿ. ಆ ಕೋಡ್ ಹೇಳುವುದು ಲಾಕಪ್ ಸರಿಯಾಗಿ ಕೂರುತ್ತಿಲ್ಲ ಎಂದಷ್ಟೇ, ಯಾಕೆ ಎಂದಲ್ಲ. ಪಿ0743 ಬಂದರೆ ಮಾತ್ರ ವೈರಿಂಗ್-ಸೊಲೆನಾಯ್ಡ್ (ವಿದ್ಯುತ್ತಿನಿಂದ ಆಡುವ ವಾಲ್ವ್) ಕಡೆ ಬೆರಳು ತೋರಿಸುತ್ತದೆ. ಬೇಕಾಗಿರುವುದು ಓಡುವಾಗಿನ ಲೈವ್ ಡೇಟಾ: ಲಾಕಪ್ ಸ್ಥಿತಿ (ಬಿಟ್ಟಿದೆ, ಜಾರುತ್ತಿದೆ, ಹಿಡಿದಿದೆ) ಮತ್ತು ಜಾರಿಕೆಯ ಆರ್‌ಪಿಎಂ. ಜಾರಿಕೆ ಒಂದೇ ಸಮ ಇದ್ದೂ ಕಾರು ಅದುರಿದರೆ ಎಂಜಿನ್ ಕಡೆ ಮತ್ತೆ ನೋಡಿ. ಅದುರುವ ಹೊತ್ತಿಗೇ ಜಾರಿಕೆ ಮೇಲೆ-ಕೆಳಗೆ ಕುಣಿದರೆ ಕ್ಲಚ್ಚಿನದೇ ತೊಂದರೆ. ಕಂಟ್ರೋಲ್ ಯೂನಿಟ್ 'ಹಿಡಿ' ಎಂದು ಹೇಳುತ್ತಿದ್ದರೂ ಜಾರಿಕೆ ನೂರಾರು ಆರ್‌ಪಿಎಂನಲ್ಲೇ ಇದ್ದರೆ ಒತ್ತಡ ತಲುಪುತ್ತಿಲ್ಲ. 'ಹಿಡಿ' ಎಂದು ಹೇಳುವುದೇ ಇಲ್ಲವಾದರೆ ತೊಂದರೆ ಡಬ್ಬದೊಳಗಲ್ಲ, ಯೂನಿಟ್ಟಿಗೆ ಸಿಗುವ ಮಾಹಿತಿಯಲ್ಲಿ.

ಈಗ ಎಣ್ಣೆ. ನನ್ನನ್ನು ಕೇಳಿದರೆ ಲಾಕಪ್ ಪುರಾಣದ ಮುಕ್ಕಾಲು ಪಾಲು ಇಲ್ಲೇ ಇದೆ. ಈ ಡಬ್ಬಕ್ಕೆ ಶುರುವಿನಲ್ಲಿ 'ಜೀವಮಾನಪೂರ್ತಿ ಎಣ್ಣೆ' ಎಂದು ಹೇಳಲಾಗಿತ್ತು, ಆಮೇಲೆ ಕಂಪನಿಯೇ ಬದಲಿಸಲು ಹೇಳಿತು. ಆ ಹಳೆಯ ಮಾತನ್ನು ನಂಬಿ ಒಂದೂವರೆ ಲಕ್ಷ ಕಿ.ಮೀ. ಮೂಲ ಎಣ್ಣೆಯಲ್ಲೇ ಓಡಿದ ಕಾರುಗಳು ಈಗಲೂ ಸಿಗುತ್ತವೆ. ಬೇಕಾದದ್ದು ಮರ್ಸಿಡಿಸ್‌ನದೇ ಮಾನದಂಡವಾದ ಎಂಬಿ 236.10 ದರ್ಜೆಯ ಎಣ್ಣೆ, ಈಗ ಅದರ ಜಾಗದಲ್ಲಿ 236.14. ಡಬ್ಬಿಯ ಹಿಂದೆ ಈ ಸಂಖ್ಯೆ 'ಅನುಮೋದಿತ' ಎಂದು ಇರಬೇಕು. 'ಹೊಂದುತ್ತದೆ' ಎಂದಿದ್ದರೆ ಬೇರೆ ಮಾತು. ಪವರ್ ಸ್ಟೀರಿಂಗಿಗೆ ತಂದ ಕೆಂಪು ಡೆಕ್ಸ್‌ರಾನ್ ಇದಕ್ಕೂ ಆಗುತ್ತದೆ ಎಂದು ಸುರಿಯುವವರಿದ್ದಾರೆ. ಜಾರುತ್ತಲೇ ಹಿಡಿಯುವ ಕ್ಲಚ್ಚಿಗೆ ಬೇಕಾದ ಘರ್ಷಣೆಯ ಗುಣ ಅದರಲ್ಲಿಲ್ಲ, ಅದುರಾಟ ತಂತಾನೇ ಬರುತ್ತದೆ.

ಮಟ್ಟ ನೋಡುವುದೂ ಇಲ್ಲಿ ಸಲೀಸಲ್ಲ. ಕಡ್ಡಿಯ ಕೊಳವೆ ಇದೆ, ಕಡ್ಡಿ ಇಲ್ಲ. ಮುಚ್ಚಳಕ್ಕೆ ಒಂದು ಪ್ಲಾಸ್ಟಿಕ್ ಪಿನ್, ಅದನ್ನು ಮುರಿದೇ ತೆಗೆಯಬೇಕು. ಅಳೆಯುವ ಕಡ್ಡಿಯನ್ನು ಬೇರೆ ಕೊಳ್ಳಬೇಕು, ಸಂಖ್ಯೆ 140 589 15 21 00. ಸಮತಟ್ಟು ಜಾಗ, ಎಂಜಿನ್ ಓಡುತ್ತಿರಬೇಕು, ಲಿವರ್ ಪಿ (ಪಾರ್ಕ್) ಸ್ಥಾನದಲ್ಲಿ, ಎಣ್ಣೆ 80 ಡಿಗ್ರಿಯಲ್ಲಿ. ಇಲ್ಲೊಂದು ಕಣ್ಕಟ್ಟು ಇದೆ, ಬಹಳ ಮಂದಿ ಎಡವುತ್ತಾರೆ: ಎಣ್ಣೆಯ ತಾಪದ ಸೆನ್ಸರನ್ನು ಪಾರ್ಕ್-ನ್ಯೂಟ್ರಲ್ ಸ್ವಿಚ್ ಜೊತೆ ಸರಣಿಯಲ್ಲಿ ಜೋಡಿಸಿದ್ದಾರೆ. ಪಿ ಅಥವಾ ಎನ್‌ನಲ್ಲಿ ಸ್ಕ್ಯಾನರ್ ತೋರಿಸುವುದು ಎಂಜಿನ್ ಕೂಲೆಂಟ್ ತಾಪವನ್ನು. ಬ್ರೇಕ್ ಒತ್ತಿ ಡಿಗೆ ಹಾಕಿ ತಾಪ ಓದಿ, ಆಮೇಲೆ ಪಿಗೆ ತಂದು ಕಡ್ಡಿ ಇಳಿಸಿ. ಕಡಿಮೆ ಇದ್ದರೆ ಪಂಪ್ ಗಾಳಿ ಹೀರುತ್ತದೆ, ಹೆಚ್ಚಿದ್ದರೆ ತಿರುಗುವ ಭಾಗಗಳು ಎಣ್ಣೆಯನ್ನು ನೊರೆ ಮಾಡುತ್ತವೆ. ಎರಡರಿಂದಲೂ ಲಾಕಪ್ ಒತ್ತಡ ಅಲುಗಾಡುತ್ತದೆ.

ಎಣ್ಣೆ ಬದಲಿಸುವ ಮೊದಲು ಕೂಲೆಂಟ್ ಸೇರಿದೆಯೇ ನೋಡಲೇಬೇಕು. ಗೇರ್‌ಬಾಕ್ಸಿನ ಎಣ್ಣೆ ರೇಡಿಯೇಟರ್‌ನ ಒಳಗಿರುವ ಕೂಲರ್ ಮೂಲಕ ಹರಿಯುತ್ತದೆ. ಆ ಕೂಲರ್ ಸಣ್ಣಗೆ ಸೋರಿದರೆ ಕೂಲೆಂಟಿನ ಗ್ಲೈಕಾಲ್ ಎಣ್ಣೆಗೆ ಸೇರುತ್ತದೆ. ಡಬ್ಲ್ಯು203, ಡಬ್ಲ್ಯು211 ಕಾರುಗಳ ಒಂದು ಕಾಲದ ರೇಡಿಯೇಟರುಗಳಿಗೆ ಇದು ದೊಡ್ಡ ಕುಖ್ಯಾತಿ ತಂದಿತು. ಎಣ್ಣೆ ಗುಲಾಬಿ ಮಿಲ್ಕ್‌ಶೇಕ್ ಬಣ್ಣಕ್ಕೆ ತಿರುಗುವುದು ಕೊನೆಯ ಹಂತ. ಅದಕ್ಕೂ ಬಹಳ ಮೊದಲೇ, ಎಣ್ಣೆ ಕಣ್ಣಿಗೆ ಚೆನ್ನಾಗಿಯೇ ಕಾಣುವಾಗಲೇ ಲಾಕಪ್ ಅದುರಲು ತೊಡಗುತ್ತದೆ. ಕಾಗದದ ಲೈನಿಂಗ್ ನೀರು ಕುಡಿದು ಉಬ್ಬುತ್ತದೆ, ಅಂಟು ಬಿಡುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ: ತವೆಯಂಥ ಚಪ್ಪಟೆ ಲೋಹವನ್ನು ಸುಮಾರು 140 ಡಿಗ್ರಿಗೆ ಕಾಯಿಸಿ ಎರಡು ಹನಿ ಎಣ್ಣೆ ಬಿಡಿ, ಕಣ್ಣಿಗೆ ಕನ್ನಡಕ ಇರಲಿ. ಚಿಟಪಟ ಎಂದು ಸಿಡಿದರೆ ನೀರಿದೆ. ಸಿಡಿಯದಿದ್ದರೆ ಬಚಾವ್ ಎಂದುಕೊಳ್ಳಬೇಡಿ: ಬಿಸಿ ಗೇರ್‌ಬಾಕ್ಸಿನಲ್ಲಿ ನೀರು ಆವಿಯಾಗಿ ಹೋಗಿ ಗ್ಲೈಕಾಲ್ ಮಾತ್ರ ಉಳಿದಿರುತ್ತದೆ, ಅದು ಸಿಡಿಯುವುದಿಲ್ಲ. ಅನುಮಾನ ಇದ್ದರೆ ಗ್ಲೈಕಾಲ್ ಪರೀಕ್ಷೆಯ ಕಿಟ್ ಅಥವಾ ಎಣ್ಣೆ ಪರೀಕ್ಷಿಸುವ ಲ್ಯಾಬ್. ಕೂಲೆಂಟ್ ಡಬ್ಬಿಯಲ್ಲಿ ಎಣ್ಣೆಯ ಪದರ ಇದೆಯೇ, ಕೂಲೆಂಟ್ ಎಲ್ಲೂ ಸೋರದೆ ಕಡಿಮೆಯಾಗುತ್ತಿದೆಯೇ ಎಂಬುದನ್ನೂ ನೋಡಿ. ಸಿಕ್ಕಿತೋ, ಮೊದಲು ರೇಡಿಯೇಟರ್ ಬದಲಿಸಿ, ಆಮೇಲೆ ಎಣ್ಣೆ. ಹಿಂದುಮುಂದಾದರೆ ಹೊಸ ಎಣ್ಣೆಯೂ ಹಾಳು. ಬೇಗ ಸಿಕ್ಕರೆ ಎರಡು ಮೂರು ಸಲ ಎಣ್ಣೆ ಬದಲಿಸಿ ಕನ್ವರ್ಟರ್ ಉಳಿಸಿಕೊಳ್ಳಬಹುದು, ತಿಂಗಳುಗಟ್ಟಲೆ ಹಾಗೇ ಓಡಿದ್ದರೆ ಆಸೆ ಬಿಡಿ.

ಗೇರ್‌ಬಾಕ್ಸಿನ ಬಲಬದಿಯಲ್ಲಿ 13 ಪಿನ್ನಿನ ದುಂಡು ಕಪ್ಲರ್ ಇದೆ. ಕಾಲರ್ ತಿರುಗಿಸಿ ಎಳೆದರೆ ಬರುತ್ತದೆ. ಒಳಗೆ ಎಣ್ಣೆ ಒಸರಿದ್ದರೆ ಅದು ಕೂರುವ ಪ್ಲಾಸ್ಟಿಕ್ ಬುಷ್‌ನ ಓ-ರಿಂಗ್ ಸತ್ತಿದೆ. ಈ ಎಣ್ಣೆ ಅಲ್ಲಿಗೇ ನಿಲ್ಲುವುದಿಲ್ಲ, ವೈರಿನ ಎಳೆಗಳ ನಡುವೆ ದೀಪದ ಬತ್ತಿಯಲ್ಲಿ ಏರುವಂತೆ ಏರಿ ಕಂಟ್ರೋಲ್ ಯೂನಿಟ್ ತನಕ ಹೋಗುತ್ತದೆ. ಬಾನೆಟ್ ಕೆಳಗಿನ ಪೆಟ್ಟಿಗೆ ತೆರೆದು ಯೂನಿಟ್ಟಿನ ಕಪ್ಲರ್ ಎಳೆದು ನೋಡಿ. ಅಲ್ಲೂ ಎಣ್ಣೆ ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆದು ಒಣಗಿಸಿ. ವೈರಿನಲ್ಲಿ ಉಳಿದದ್ದು ಮತ್ತೆ ಒಸರುತ್ತದೆ, ಒಂದೆರಡು ವಾರ ಬಿಟ್ಟು ಇನ್ನೊಮ್ಮೆ ತೊಳೆಯಬೇಕು. ಬುಷ್ ಸಂಖ್ಯೆ 203 540 02 53, ಹಿಡಿದಿರುವುದು ಒಂದೇ ಬೋಲ್ಟ್, 7 ಎಂಎಂ. ಇಷ್ಟು ಅಗ್ಗದ ವಸ್ತುವಿನಿಂದ ಇಷ್ಟು ದೊಡ್ಡ ತಲೆನೋವು ಬರುವುದು ಈ ಡಬ್ಬದ ವಿಶೇಷ. ಎಣ್ಣೆ ಬದಲಿಸುವಾಗಲೆಲ್ಲ ಬುಷ್ ಬದಲಿಸುವುದೇ ಜಾಣತನ.

ಲಾಕಪ್ ಸೊಲೆನಾಯ್ಡ್ ಕಾಯಿಲಿನ ರೆಸಿಸ್ಟೆನ್ಸ್ ಸುಮಾರು 2.5 ಓಮ್. ಗೇರ್ ಬದಲಿಸುವ ಮೂರು ಸೊಲೆನಾಯ್ಡ್‌ಗಳದು 3.8, ಒತ್ತಡ ನಿಯಂತ್ರಿಸುವ ಎರಡರದು 5.0. ಯಾವ ಪಿನ್ ಯಾವುದು ಎಂಬುದಕ್ಕೆ ಆ ಕಾರಿನದೇ ವೈರಿಂಗ್ ಡಯಾಗ್ರಾಮ್ ನೋಡಿ. ಇಷ್ಟು ಸಣ್ಣ ಸಂಖ್ಯೆ ಅಳೆಯುವಾಗ ಮೀಟರಿನ ಎರಡು ವೈರ್ ಮುಟ್ಟಿಸಿ ಬರುವ 0.2-0.3 ಓಮನ್ನು ಕಳೆಯಲು ಮರೆಯಬೇಡಿ. ತಾಮ್ರ ಬಿಸಿಯಾದರೆ ರೆಸಿಸ್ಟೆನ್ಸ್ ಏರುತ್ತದೆ. 80 ಡಿಗ್ರಿಯಲ್ಲಿ ಇದೇ ಕಾಯಿಲ್ 3.1ರ ಹತ್ತಿರ ತೋರಿಸಿದರೆ ಅದು ಸರಿಯೇ. ಕಾಯಿಲ್ ಸರಿ ಇದ್ದೂ ಸೊಲೆನಾಯ್ಡ್ ಕಸದಿಂದ ಸಿಕ್ಕಿಕೊಂಡಿರಬಹುದು, ಅದರ ಓ-ರಿಂಗ್ ಗಟ್ಟಿಯಾಗಿ ಒತ್ತಡ ಸೋರುತ್ತಿರಬಹುದು. ಮೀಟರ್ ಇದನ್ನು ಹೇಳದು.

ಸೊಲೆನಾಯ್ಡ್‌ಗಳು ಕೂತಿರುವ ಕಂಡಕ್ಟರ್ ಪ್ಲೇಟಿನಲ್ಲೇ ಎನ್2, ಎನ್3 ಎಂಬ ವೇಗದ ಸೆನ್ಸರುಗಳಿವೆ. ಅವು ಪೂರ್ತಿ ಸತ್ತರೆ ಕಾರು ಲಿಂಪ್ ಮೋಡಿಗೆ (ಹೇಗೋ ಮನೆ ತಲುಪಿಸುವ ಸ್ಥಿತಿಗೆ) ಹೋಗಿ 2ನೇ ಗೇರಿನಲ್ಲೇ ನಿಲ್ಲುತ್ತದೆ, ಅದು ಎಲ್ಲರಿಗೂ ಗೊತ್ತು. ಅರ್ಧ ಸತ್ತಾಗಿನ ಆಟ ಬೇರೆ. ಎಂಜಿನ್ ವೇಗದಿಂದ ಟರ್ಬೈನ್ (ಕನ್ವರ್ಟರಿನ ಗೇರ್‌ಬಾಕ್ಸ್ ಕಡೆಯ ಚಕ್ರ) ವೇಗ ಕಳೆದೇ ಯೂನಿಟ್ ಜಾರಿಕೆ ಲೆಕ್ಕ ಹಾಕುವುದು. ಸೆನ್ಸರ್ ಆಗಾಗ ತಪ್ಪು ಹೇಳಿದರೆ ಲಾಕಪ್ ವಿನಾಕಾರಣ ಬಿಟ್ಟು ಹಿಡಿಯುತ್ತದೆ. ಬಿಸಿಯಾದ ಮೇಲಷ್ಟೇ ಬರುವ, ಒಂದೇ ಒಂದು ಸಲ ಜರ್ಕ್ ಹೊಡೆಯುವ ಲಾಕಪ್ ತೊಂದರೆಯಲ್ಲಿ ಇದನ್ನು ಮನಸ್ಸಿನಲ್ಲಿಡಿ.

ಎಣ್ಣೆ ಇಳಿಸುವ ಕೆಲಸ. ಕಾರು ಲಿಫ್ಟಿನ ಮೇಲೆ ಸಮತಟ್ಟಾಗಿ, ಎಣ್ಣೆ ಬೆಚ್ಚಗಿರಲಿ, ಸುಡುವಷ್ಟು ಬೇಡ. ಚೇಂಬರಿನ (ಗೇರ್‌ಬಾಕ್ಸ್ ತಳದ ಎಣ್ಣೆ ತಟ್ಟೆ) ಡ್ರೈನ್ ಬೋಲ್ಟಿಗೆ 5 ಎಂಎಂ ಆಲನ್ ಕೀ. ಸುಮಾರು 4 ಲೀಟರ್ ಬರುತ್ತದೆ. ಒಟ್ಟು ಹಿಡಿಯುವುದು ಎಂಜಿನ್ ನೋಡಿಕೊಂಡು 8-9 ಲೀಟರ್, ಅಂದರೆ ಅರ್ಧ ಕನ್ವರ್ಟರಿನಲ್ಲೇ ಉಳಿಯಿತು. ಹಳೆಯ ಕಾರುಗಳ ಕನ್ವರ್ಟರಿಗೂ ಡ್ರೈನ್ ಬೋಲ್ಟ್ ಇದೆ: ಕ್ರ್ಯಾಂಕ್ ಬೋಲ್ಟನ್ನು 27ರ ಸಾಕೆಟ್‌ನಿಂದ, ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸುತ್ತ ಹೋದರೆ ಬೆಲ್ ಹೌಸಿಂಗ್ ಕೆಳಗಿನ ರಂಧ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಬೋಲ್ಟ್ ಇಲ್ಲದ ಕನ್ವರ್ಟರ್ ಆಗಿದ್ದರೆ ಚೇಂಬರ್ ಎಣ್ಣೆಯನ್ನೇ ಮೂರು ಸಲ ಬದಲಿಸಿ, ನಡುನಡುವೆ ಒಂದಿಷ್ಟು ಓಡಿಸಿ. ಅರ್ಧರ್ಧ ಬದಲಾಗುತ್ತ ಮೂರನೆಯ ಸಲಕ್ಕೆ ಎಂಟರಲ್ಲಿ ಏಳು ಪಾಲು ಹೊಸದಾಗಿರುತ್ತದೆ.

ಚೇಂಬರಿಗೆ ಆರು ಟಿ30 ಟಾರ್ಕ್ಸ್ ಬೋಲ್ಟ್. ಒಳಗಿನ ಆಯಸ್ಕಾಂತದ ಮೇಲೆ ಬೂದಿಯಂಥ ನಯವಾದ ಪುಡಿ ಇದ್ದರೆ ಮಾಮೂಲಿ. ಚುಚ್ಚುವ ಲೋಹದ ಚೂರು, ಚೇಂಬರ್ ತಳದಲ್ಲಿ ಕಪ್ಪು ಲೈನಿಂಗ್ ತುಣುಕು, ಸುಟ್ಟ ವಾಸನೆ ಇದ್ದರೆ ಎಣ್ಣೆಯಿಂದ ವಾಸಿಯಾಗುವ ಕಾಯಿಲೆ ಅಲ್ಲ. ಫಿಲ್ಟರ್ (140 277 00 95), ಗ್ಯಾಸ್ಕೆಟ್ (140 271 00 80) ಹೊಸದು ಹಾಕಿ. ಕೊಳ್ಳುವ ಮೊದಲು ಚಾಸಿಸ್ ನಂಬರ್ ಕೊಟ್ಟು ತಾಳೆ ನೋಡಿ. ಬಿಗಿಸುವ ಬಲ: ಚೇಂಬರ್ ಬೋಲ್ಟ್ 8 ಎನ್‌ಎಂ (ನ್ಯೂಟನ್ ಮೀಟರ್), ಅದರ ಡ್ರೈನ್ 20, ಕನ್ವರ್ಟರ್ ಡ್ರೈನ್ 10. ಅಲ್ಯೂಮಿನಿಯಂ ಥ್ರೆಡ್, ಕೈಯಂದಾಜಿನಲ್ಲಿ ಎಳೆದು ಕೆಡಿಸಬೇಡಿ. ಇಳಿದ ಎಣ್ಣೆ ಅಳೆದಿಟ್ಟುಕೊಂಡು ಅಷ್ಟನ್ನೇ ತುಂಬಬೇಕು: ಮೊದಲು 4 ಲೀಟರ್ ಹಾಕಿ ಎಂಜಿನ್ ಶುರು ಮಾಡಿ, ಉಳಿದದ್ದನ್ನು ಆಮೇಲೆ. ಬ್ರೇಕ್ ಒತ್ತಿ ಲಿವರನ್ನು ಎಲ್ಲ ಸ್ಥಾನಕ್ಕೂ ನಿಧಾನ ಆಡಿಸಿ, 80 ಡಿಗ್ರಿಗೆ ಬಂದಮೇಲೆ ಮಟ್ಟ ಸರಿಮಾಡಿ.

ಸರಿಯಾದ ಎಣ್ಣೆಯಲ್ಲಿ 300-500 ಕಿ.ಮೀ. ಓಡಿಸಿ ನೋಡುವ ತಾಳ್ಮೆ ಬೇಕು. ಅದುರಾಟ ಕಡಿಮೆಯಾಗುತ್ತಿದ್ದರೆ ಇನ್ನೊಮ್ಮೆ ಬದಲಿಸುವುದು ದುಡ್ಡಿಗೆ ಮೋಸವಲ್ಲ. ಬಾಟಲಿಯಲ್ಲಿ ಬರುವ 'ಶಡರ್ (ಅದುರಾಟ) ನಿಲ್ಲಿಸುವ' ಔಷಧಿಗಳು ಕೆಲವೊಮ್ಮೆ ಸದ್ದಡಗಿಸುತ್ತವೆ, ಕಾರು ಮಾರುವವರಿಗೆ ಅಷ್ಟು ಸಾಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಚ್ಚರ.

ಏನೂ ಬದಲಾಗದಿದ್ದರೆ ಮುಂದಿನದು ವಾಲ್ವ್ ಬಾಡಿ, ಅಂದರೆ ಎಣ್ಣೆಯ ಒತ್ತಡವನ್ನು ಹಂಚುವ ವಾಲ್ವ್‌ಗಳ ಜೋಡಣೆ. ಹತ್ತು ಟಿ30 ಬೋಲ್ಟ್, ಮತ್ತೆ 8 ಎನ್‌ಎಂ. ಆದರೆ ಮೊದಲು ಮೇಲೆ ಹೇಳಿದ 13 ಪಿನ್ನಿನ ಬುಷ್ ಹೊರಬರಬೇಕು, ಇಲ್ಲದಿದ್ದರೆ ಕಂಡಕ್ಟರ್ ಪ್ಲೇಟ್ ಮುರಿಯುತ್ತದೆ. ಲಾಕಪ್ ನಿಯಂತ್ರಿಸುವ ವಾಲ್ವ್ ತನ್ನ ಬೋರಿನಲ್ಲಿ ಸ್ವಂತ ಭಾರಕ್ಕೇ ಜಾರಬೇಕು, ಆದರೆ ಪಕ್ಕಕ್ಕೆ ಲೊಡಬಡ ಆಡಬಾರದು. ಬೋರ್ ಸವೆದಿದ್ದರೆ ಒತ್ತಡ ಸೋರಿ ಕ್ಲಚ್ ಅರ್ಧ ಹಿಡಿತದಲ್ಲೇ ಸುಡುತ್ತ ಇರುತ್ತದೆ. ಶಿರಾಡಿ ಘಾಟಿಯಂಥ ಏರಿನಲ್ಲಿ ಎಣ್ಣೆ ಬಿಸಿಯಾಗಿ ತೆಳುವಾದಾಗ ಈ ಸೋರಿಕೆ ಎದ್ದು ಕಾಣುತ್ತದೆ. ಇಂಥ ವಾಲ್ವ್ ಬಾಡಿಯ ಮುಂದೆ ಹೊಸ ಕನ್ವರ್ಟರ್ ಕೂರಿಸಿದರೆ ಅದಕ್ಕೂ ಅದೇ ಗತಿ.

ಇಷ್ಟೆಲ್ಲ ಸರಿ ಇದ್ದೂ ಜಾರಿಕೆ ಕುಣಿಯುತ್ತಿದ್ದರೆ ಆಗ ಕನ್ವರ್ಟರ್. ರೀಕಂಡೀಷನ್ ಮಾಡುವವರು ಅದನ್ನು ಲೇತ್‌ನಲ್ಲಿ ಕತ್ತರಿಸಿ, ಲೈನಿಂಗ್ ಹೊಸದು ಅಂಟಿಸಿ, ಬೆಸುಗೆ ಹಾಕಿ ಬ್ಯಾಲೆನ್ಸ್ ಮಾಡುತ್ತಾರೆ. ಕೇಳಬೇಕಾದ ಪ್ರಶ್ನೆ, ಜಾರಿಕೆಗೆ ಒಗ್ಗುವ ಲೈನಿಂಗ್ ಹಾಕಿದ್ದೀರಾ ಎಂಬುದು. ಬರೀ ಹಿಡಿ-ಬಿಡು ಕ್ಲಚ್ಚಿನ ಲೈನಿಂಗ್ ಹಾಕಿದ್ದರೆ ಮೊದಲ ದಿನದಿಂದಲೇ ಅದುರುತ್ತದೆ. ಗುಜರಿಯಿಂದ ತಂದ ಕನ್ವರ್ಟರಿನ ಚರಿತ್ರೆ ಯಾರಿಗೂ ಗೊತ್ತಿರುವುದಿಲ್ಲ, ಅದರ ಗೋಜಿಗೆ ಹೋಗದಿರುವುದೇ ವಾಸಿ. ಕೂರಿಸುವಾಗ ಸ್ವಲ್ಪ ಎಣ್ಣೆ ತುಂಬಿ, ತಿರುಗಿಸುತ್ತ ಒಳಗೆ ತಳ್ಳಿ, ಪಂಪಿನ ಹಲ್ಲಿಗೆ ಪೂರ್ತಿ ಕೂತದ್ದನ್ನು ಅಳತೆಪಟ್ಟಿ ಇಟ್ಟು ನೋಡಬೇಕು. ಕೂರದೆ ಬೋಲ್ಟ್ ಎಳೆದರೆ ಪಂಪ್ ಒಡೆಯುತ್ತದೆ. ಕೂಲರ್ ಮತ್ತು ಅದರ ಪೈಪುಗಳನ್ನು ತೊಳೆಯದೆ ಜೋಡಿಸಬೇಡಿ, ಹಳೆಯ ಲೈನಿಂಗ್ ಪುಡಿ ಅಲ್ಲೇ ಕೂತಿರುತ್ತದೆ. ಜೋಡಿಸಿದ ಮೇಲೆ ಸ್ಕ್ಯಾನರ್‌ನಿಂದ ಹಳೆಯ ಅಡಾಪ್ಟೇಷನ್ ಅಳಿಸಿ, ಸವೆದ ಕ್ಲಚ್ಚಿಗೆಂದು ಯೂನಿಟ್ ಕಲಿತಿಟ್ಟ ಲೆಕ್ಕ ಹೊಸದಕ್ಕೆ ಹೊಂದುವುದಿಲ್ಲ. ಐವತ್ತು ನೂರು ಕಿ.ಮೀ. ಓಡಿಸಿ ಮಟ್ಟವನ್ನು 80 ಡಿಗ್ರಿಯಲ್ಲಿ ಇನ್ನೊಮ್ಮೆ ಅಳೆದು, ಮುಚ್ಚಳಕ್ಕೆ ಹೊಸ ಪಿನ್ ಹಾಕಿ.